ಅಡುಗೆಮನೆಗೂ ಅನ್ವಯಿಸುತ್ತದೆಯೆ?

ನಮ್ಮ ಊರಿನಲ್ಲಿ ಯಾರು ಯಾವ ಕಡೆಯವರೆಂದು ತಿಳಿಯಲು ಯಾರ ಮನೆಯನ್ನೂ ಇಣುಕಬೇಕಾಗಿಲ್ಲ. ಬೆಳಿಗ್ಗೆ ಬ್ರೆಡ್ಡಿನಂಗಡಿಯ ಸಾಲಿನಲ್ಲಿ ನಿಂತು ಕಿವಿ ತೆರೆದುಕೊಂಡರೆ ಸಾಕು. "ನಮಸ್ಕಾರ" ಎಂದವರು ದೊಡ್ಡ ಇಗರ್ಜಿಯವರು, ಅಂದರೆ ಈಸ್ಟರಿಗೆ ಮತ್ತು ಸಾವಿಗೆ ತಪ್ಪದೆ ಹೋಗುವವರು. "ಶಾಂತಿ" ಎಂದವರು ನಾವು. ಊರಿನವರು ನಮ್ಮನ್ನು ಪಶ್ಚಾತ್ತಾಪದವರು ಎನ್ನುತ್ತಾರೆ. ಯಾವ ಪಾಪಕ್ಕೆ ಎಂದು ಕೇಳಿದರೆ ಹೇಳುವುದು ಕಷ್ಟ. ನಾವು ಕುಡಿಯುವುದಿಲ್ಲ, ಸೇದುವುದಿಲ್ಲ, ಮದುವೆಯಲ್ಲಿ ಕುಣಿಯುವುದಿಲ್ಲ. ಪಾಪಕ್ಕೆ ನಮ್ಮಲ್ಲಿ ಪುರುಸೊತ್ತೇ ಕಡಿಮೆ.

ಸಭೆಯೊಳಗೆ ಎಲ್ಲರೂ ಅಣ್ಣ, ಇಲ್ಲವೇ ಅಕ್ಕ. ಎಂಬತ್ತು ದಾಟಿದ ಹಿರಿಯ ಅವ್ರಾಮ್ ಕೂಡ ಮೊನ್ನೆಯಷ್ಟೇ ದೀಕ್ಷಾಸ್ನಾನವಾದ ಹುಡುಗಿಯನ್ನು "ಅಕ್ಕಾ" ಎಂದು ಕರೆಯುತ್ತಾರೆ. ಸಭೆಯಿಂದ ಹೊರಗೆ ಹಾಕಿಸಿಕೊಂಡವರಿಗೆ ಇದೂ ಇಲ್ಲ, ಶಾಂತಿಯೂ ಇಲ್ಲ. ಅವರು ಬೀದಿಯಲ್ಲಿ ಎದುರಾದರೆ "ನಮಸ್ಕಾರ, ಯಜಮಾನ್ರೇ" ಎನ್ನಬೇಕು. ಕೇಳಲು ಮರ್ಯಾದೆಯ ಮಾತು. ಅದನ್ನು ಕೇಳಿಸಿಕೊಂಡವರು ಮಾತ್ರ ಮನೆಗೆ ಹೋಗಿ ಊಟ ಬಿಟ್ಟಿದ್ದನ್ನು ನಾನು ನೋಡಿದ್ದೇನೆ.

ತೆಯೋಫಿಲ್ ನನ್ನ ನೆರೆಯವನು. ಅವನ ಅಡುಗೆಮನೆಗೂ ನಮ್ಮ ಅಡುಗೆಮನೆಗೂ ಒಂದೇ ಗೋಡೆ, ಅದೂ ಕಟ್ಟಿದವನು ಜಿಪುಣತನ ಮಾಡಿದ ಗೋಡೆ. ಊರಿನ ಡ್ರೈವಿಂಗ್ ಶಾಲೆಯಲ್ಲಿ ಅವನು ಬೋಧಕ. ಸಭೆಯ ವಾದ್ಯತಂಡದಲ್ಲಿ ನನ್ನ ಪಕ್ಕದ ಕುರ್ಚಿ ಅವನದು. ನನ್ನದು ಕ್ಲಾರಿನೆಟ್, ಅವನದು ಹೆಲಿಕಾನ್, ಮೈಗೆಲ್ಲ ಸುತ್ತಿಕೊಂಡು ಹೆಗಲ ಮೇಲೆ ಬಾಯಿ ತೆರೆಯುವ ಭಾರೀ ಹಿತ್ತಾಳೆ ಕಹಳೆ. ಅವನ ಹೆಂಡತಿ ಸವೇತಾ ಚಿಕಿತ್ಸಾಲಯದ ನರ್ಸು. ಬುಧವಾರ ಸಂಜೆ ಹೆಂಗಸರ ಪ್ರಾರ್ಥನೆ ನಡೆಸುವವಳೂ ಅವಳೇ. ಊರಿನ ಅರ್ಧ ಜನಕ್ಕೆ ಅವಳು ಸೂಜಿ ಚುಚ್ಚಿದ್ದಾಳೆ. ಹೀಗಾಗಿ ಶಾಂತಿಯವರೂ ನಮಸ್ಕಾರದವರೂ ಅವಳ ಮುಂದೆ ಸ್ವಲ್ಪ ವಿನಯದಿಂದಲೇ ಇರುತ್ತಾರೆ.

ನಮ್ಮಲ್ಲಿ ಪ್ರಾರ್ಥನೆ ಎಂದರೆ ಎಲ್ಲರೂ ಒಟ್ಟಿಗೆ, ಒಬ್ಬೊಬ್ಬರೂ ಅವರವರ ಮಾತಿನಲ್ಲಿ, ಗಟ್ಟಿಯಾಗಿ. ಹೊಸಬರು ಬಂದರೆ ಜಾನುವಾರು ಸಂತೆಗೆ ಬಂದೆವೋ ಎಂದು ಬಾಗಿಲ ಕಡೆ ನೋಡುತ್ತಾರೆ. ಒಳಗೇ ಬೆಳೆದವರಿಗೆ ಅದು ಹೊಳೆಯ ಸದ್ದಿದ್ದ ಹಾಗೆ, ಇದೆ ಎಂದೇ ಗೊತ್ತಾಗುವುದಿಲ್ಲ. ಈ ವರ್ಷ ವಸಂತದಲ್ಲಿ ಒಂದು ಭಾನುವಾರ ಆ ಸದ್ದಿಗೆ ತಳವೇ ಇಲ್ಲದಂತೆ ನನಗನ್ನಿಸಿತು. ಕಣ್ಣು ಬಿಟ್ಟು ನೋಡಿದೆ. ತೆಯೋಫಿಲ್ ಹೆಲಿಕಾನನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿ ಮುಚ್ಚಿ ಕುಳಿತಿದ್ದ.

ಮನೆಗೆ ನಡೆಯುವಾಗ ಕೇಳಿದೆ. "ಗಂಟಲು ಕಟ್ಟಿದೆಯೇನೋ?"

"ಇಲ್ಲ. ಸುಮ್ನಿದ್ದೆ."

"ಯಾಕೆ?"

"ಅವನೇನಾದ್ರೂ ಹೇಳೋದಿದ್ರೆ ಹೇಳ್ಲಿ ಅಂತ."

ದೇವರ ಬಗ್ಗೆ ಹೇಳುತ್ತಿದ್ದಾನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ರೈಲ್ವೆ ಗೇಟಿನ ಕತೆ ಹೇಳಿದ. ಜೇನು ಸಾಕುವ ಒಬ್ಬ ವಿಧವೆಗೆ ಕಾರು ಕಲಿಸುತ್ತಿದ್ದನಂತೆ. ಗೂಡ್ಸ್ ಗಾಡಿ ಬರಬೇಕಿತ್ತು, ಗೇಟು ಹಾಕಿದ್ದರು. ಎಂಜಿನ್ ನಿಲ್ಲಿಸಿ ಕುಳಿತರು. ಆ ಹೆಂಗಸಿನದು ಮೊದಲೇ ಮಾತು ಕಡಿಮೆ. ಕಾರು ನಿಂತಿದ್ದರಿಂದ ಇವನಿಗೂ ಹೇಳಿಕೊಡಲು ಏನೂ ಇರಲಿಲ್ಲ.

"ಆಮೇಲೆ?"

"ಆಮೇಲೆ ಗೇಟು ತೆಗೆದ್ರು."

"ಏನಾಯ್ತು ಅಂತ ಕೇಳಿದ್ದು."

"ಏನೂ ಆಗಲಿಲ್ಲ ಕಣೋ, ಅದನ್ನೇ ಹೇಳ್ತಾ ಇರೋದು. ಏನೂ ಆಗ್ತಾ ಇರಲಿಲ್ಲ, ಯಾರೋ ಇದ್ರು. ಆ ಹೆಂಗಸಲ್ಲ." ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದ. "ವಾರವೆಲ್ಲ ಕ್ಲಚ್ ಬಿಡು, ಕನ್ನಡಿ ನೋಡು, ಬ್ರೇಕ್ ಹಿಡಿ ಅಂತೀನಿ. ಭಾನುವಾರ ಇಲ್ಲಿಗೆ ಬಂದು ದೇವರಿಗೂ ಅದನ್ನೇ ಅಂತೀನಿ. ಇವರ ಮಂಡಿ ವಾಸಿ ಮಾಡು, ಅವರ ಮಗನ್ನ ಇಟಲಿಯಿಂದ ಕರ್ಕೊಂಡು ಬಾ, ನಿಧಾನ, ಎಡಕ್ಕೆ ತಿರುಗಿಸು. ಇಷ್ಟು ವರ್ಷ ದೇವರಿಗೆ ಡ್ರೈವಿಂಗ್ ಕಲಿಸಿದೀನಿ. ಇನ್ನೂ ಪಾಸು ಮಾಡಿಸಿಲ್ಲ."

ಈಸ್ಟರ್ ಕಳೆದ ಮೇಲೆ ಅವನು ಬರುವುದನ್ನೇ ನಿಲ್ಲಿಸಿದ. ಭಾನುವಾರ ಸವೇತಾ ತಲೆಗೆ ಬಟ್ಟೆ ಕಟ್ಟಿಕೊಂಡು ಒಬ್ಬಳೇ ಹೊರಡುತ್ತಿದ್ದಳು. ಇವನು ಅಂಗಳದಲ್ಲಿ ನಿಂತಿದ್ದ ಡ್ರೈವಿಂಗ್ ಶಾಲೆಯ ಕಾರಿನೊಳಗೆ ಹೋಗಿ ಕೂರುತ್ತಿದ್ದ. ಎಂಜಿನ್ ಹಾಕುತ್ತಿರಲಿಲ್ಲ, ರೇಡಿಯೋ ಹಾಕುತ್ತಿರಲಿಲ್ಲ. ಕೂರುತ್ತಿದ್ದುದು ಬೋಧಕನ ಸೀಟಿನಲ್ಲಿ, ಅಲ್ಲೂ ಒಂದು ಬ್ರೇಕಿರುತ್ತದೆ. ಓಡಿಸುವವರ ಸೀಟು ಖಾಲಿ. ಬೇಲಿಯಾಚೆಗಿನ ಜನ ಇದನ್ನು ಗಮನಿಸದೆ ಬಿಡಲಿಲ್ಲ, ವ್ಯಾಖ್ಯಾನವನ್ನೂ ಮಾಡದೆ ಬಿಡಲಿಲ್ಲ. ಪಕ್ಕದ ಸೀಟಿನಲ್ಲಿ ಯಾರನ್ನು ಕೂರಿಸಿಕೊಂಡಿದ್ದಾನೆಂದು ಒಬ್ಬರು ಕೇಳಿದರೆ, ಯಾರನ್ನೇ ಕೂರಿಸಿಕೊಂಡಿರಲಿ, ಬ್ರೇಕು ಮಾತ್ರ ತನ್ನ ಕಾಲಡಿ ಇಟ್ಟುಕೊಂಡಿದ್ದಾನೆ ಎಂದು ಇನ್ನೊಬ್ಬರು ಅಂದರು.

ಅಭ್ಯಾಸಬಲ ಎಂದು ಅವನು ನನಗೆ ಹೇಳಿದ. "ಆ ಕಡೆ ಕೂತ್ರೆ ಎಲ್ಲಿಗಾದ್ರೂ ಹೋಗ್ಬೇಕು ಅನ್ನಿಸತ್ತೆ."

"ಈಗಲೂ ಯಾರೋ ಇರ್ತಾರಾ?"

"ಯಾವಾಗ್ಲೋ ಒಮ್ಮೆ. ಉಳಿದ ಸಲ ಸೊಂಟ ನೋಯತ್ತೆ."

ಅವನಿಗೆ ಇದರಿಂದ ಏನು ಕಳೆದುಹೋಗಬಹುದು ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ನಮ್ಮ ಸಭೆಯಲ್ಲಿ ಯಾಕೋಬ್ ಎಂಬವನಿದ್ದಾನೆ. ಎಷ್ಟೋ ವರ್ಷದ ಹಿಂದೆ ಅಕ್ಕನ ಮಗನ ಮದುವೆಯಲ್ಲಿ ಪ್ಲಮ್ ಹಣ್ಣಿನ ಬ್ರಾಂದಿ ಕುಡಿದ. ಒಂದೇ ಲೋಟ ಎಂದು ಅವನು ಹೇಳುತ್ತಾನೆ. ಹೊರಗೆ ಹಾಕಿದರು. ಅವನ ಹೆಂಡತಿ ವಿಯೋರಿಕಾ ನಿಯಮದ ಹೆಂಗಸು. ಹೆಚ್ಚುಕಡಿಮೆ ಒಂದು ವರ್ಷ ದಿನಾ ಬೆಳಿಗ್ಗೆ, ಮಧ್ಯಾಹ್ನ, ಸೂಪಿನ ತಟ್ಟೆ ಮುಂದಿಟ್ಟು "ನಮಸ್ಕಾರ, ಯಜಮಾನ್ರೇ" ಎಂದಳು. ಅವನು ಸಭೆಯ ಮುಂದೆ ಅತ್ತು ಒಳಗೆ ಬಂದ. ಅದೆಲ್ಲ ಸರಿಹೋಯಿತು ಎನ್ನುತ್ತಾರೆ. ಆದರೆ ಇವತ್ತಿಗೂ ಅವಳು ಅವನಿಗೆ ಬಡಿಸುವುದನ್ನು ನೋಡಿದರೆ ಹೋಟೆಲಿನಲ್ಲಿ ಬಡಿಸಿದ ಹಾಗಿರುತ್ತದೆ. ಅವನೂ ಪ್ರತಿ ಸಲ ಥ್ಯಾಂಕ್ಸ್ ಹೇಳುತ್ತಾನೆ.

"ನರಕದ ವಿಷ್ಯ ಅವ್ರಾಮಣ್ಣ ಎಷ್ಟು ಬೇಕಾದ್ರೂ ಹೇಳ್ಲಿ," ಎಂದ ತೆಯೋಫಿಲ್. "ಬೆಳಿಗ್ಗೆ ಕಾಫಿ ಇಟ್ಟು ಸವೇತಾ ನನಗೆ ನಮಸ್ಕಾರ ಅಂದ್ಲು ಅನ್ಕೋ. ನಾನು ಸತ್ತೆ."

ನಾನು ಹಾಗಾದರೆ ವಾಪಸ್ ಬಾ ಎಂದೆ. ಅವನು ತಲೆ ಅಲ್ಲಾಡಿಸಿದ. ಬರಲು ಆಗುವುದಿಲ್ಲ ಎಂದಲ್ಲ, ಬಂದರೆ ಸುಳ್ಳಾಗುತ್ತದೆ ಎನ್ನುವಂತೆ.

ಹಿರಿಯರು ಮೊದಲು ಅವನ ಮನೆಗೇ ಹೋದರು. ಅವ್ರಾಮ್, ಪಾಸ್ಟರ್ ನತಾನಾಯೆಲ್, ನೆರೆಯವನೆಂದು ನಾನು. ಅವ್ರಾಮ್ ತಮ್ಮ ಮಗಳು ಮಾಡಿದ ಅಕ್ರೋಟಿನ ಸುರುಳಿ ಕೇಕನ್ನು ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ತಪ್ಪಿತಸ್ಥರ ಮನೆಗೆ ನಾವು ಬರಿಗೈಯಲ್ಲಿ ಹೋಗುವುದಿಲ್ಲ. ನತಾನಾಯೆಲ್ ನಗರದಲ್ಲಿ ದೇವರ ಶಾಸ್ತ್ರ ಓದಿ ಬಂದ ಚಿಕ್ಕ ವಯಸ್ಸಿನವರು. ಒಳ್ಳೆಯವರು. ಎದುರಿಗಿದ್ದವರ ಕಷ್ಟಕ್ಕೆ ಒಂದು ಹೆಸರು ಸಿಕ್ಕಿದರೆ ಅವರ ಮುಖ ಅರಳುತ್ತದೆ.

ಕೇಕು ಕತ್ತರಿಸಿದ ಮೇಲೆ ಅವ್ರಾಮ್ ಶುರುಮಾಡಿದರು. "ತೆಯೋಫಿಲಣ್ಣ, ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಹೆಂಗಸಿನ ವಿಷ್ಯವಾ?"

ಸವೇತಾ ಕಾಫಿ ಸುರಿಯುತ್ತಿದ್ದವಳು ಹಾಗೇ ನಿಂತಳು, ಕೇಳಿದವರಿಗಿಂತ ಕುತೂಹಲದಿಂದ.

"ಅಲ್ಲ ಅವ್ರಾಮಣ್ಣ."

"ಕುಡಿತ?"

"ಅಲ್ಲ."

"ಶನಿವಾರ ಆರಾಧನೆ ಮಾಡೋ ಆ ಪಂಗಡದವರ ಜೊತೆ ಸೇರ್ಕೊಂಡ್ಯಾ?"

"ನಾನು ಯಾರ ಜೊತೇನೂ ಸೇರ್ಕೊಂಡಿಲ್ಲ. ಅದೇ ಅಲ್ವಾ ನಿಮ್ಮ ಕಷ್ಟ?"

"ಹಾಗಾದ್ರೆ ನಮ್ಮ ಮೇಲೆ ಸಿಟ್ಟು. ವಾದ್ಯತಂಡಕ್ಕೆ ಹೊಸ ಸಮವಸ್ತ್ರ ಕೊಡಿಸಲಿಲ್ಲ ಅಂತ."

"ಸಿಟ್ಟಿದ್ರೆ ಬಂದು ಬೈತಿದ್ದೆ. ನನಗೆ ಸುಮ್ನಿರಬೇಕು ಅಷ್ಟೆ. ನೀವೆಲ್ಲ ಅಷ್ಟು ಜೋರಾಗಿ ಕರೀತಿದ್ರೆ ಅವನು ಬಂದಿದ್ದೂ ಗೊತ್ತಾಗಲ್ಲ."

ಪಾಸ್ಟರ್ ಮುಂದೆ ಬಾಗಿದರು. "ಇದಕ್ಕೆ ಆಧ್ಯಾತ್ಮಿಕ ದಣಿವು ಅಂತಾರೆ ತೆಯೋಫಿಲಣ್ಣ. ತುಂಬ ಜನಕ್ಕೆ ಆಗತ್ತೆ. ಬೆಟ್ಟದ ಮೇಲೆ ಇದಕ್ಕೇ ಅಂತ ಶಿಬಿರ ಇದೆ."

"ಶಿಬಿರದಲ್ಲಿ ಏನು ಮಾಡ್ತಾರೆ?"

"ಹಾಡು, ಸಾಕ್ಷಿ, ಗುಂಪು ಪ್ರಾರ್ಥನೆ..."

ನತಾನಾಯೆಲ್ ಅಲ್ಲಿಗೇ ನಿಲ್ಲಿಸಿದರು. ಹೇಳಿದೆನಲ್ಲ, ಅವರು ಒಳ್ಳೆಯವರು.

ಅವ್ರಾಮರಿಗೆ ದಣಿವು ಬೇಕಾಗಿರಲಿಲ್ಲ. ಅವರಿಗೆ ಉತ್ತರ ಬೇಕಿತ್ತು. "ನೀನು ಒಳಗಿದೀಯೋ ಹೊರಗಿದೀಯೋ? ಅಷ್ಟು ಹೇಳು."

"ಹೊಸ್ತಿಲ ಮೇಲೆ ಕೂತಿದೀನಿ ಅಂದ್ಕೊಳ್ಳಿ."

"ಹೊಸ್ತಿಲ ಮೇಲೆ ಕೂತ್ರೆ ಹೋಗಿ ಬರೋರಿಗೆಲ್ಲ ಅಡ್ಡ."

"ಸ್ವಲ್ಪ ಸರಕೊಂಡು ಕೂರ್ತೀನಿ."

ಅವ್ರಾಮ್ ನಗಲಿಲ್ಲ. ಅವರು ಕೆಟ್ಟವರಲ್ಲ. ಧರ್ಮವನ್ನೇ ಸಹಿಸದ ಹಿಂದಿನ ಸರ್ಕಾರದ ಕಾಲದಲ್ಲಿ ಪ್ರಾರ್ಥನಾಲಯದ ಬಾಗಿಲಿಗೆ ಮೊಹರು ಹಾಕಿದಾಗ ತಮ್ಮ ಕೊಟ್ಟಿಗೆಯಲ್ಲಿ ಸಭೆ ನಡೆಸಿ, ಅದಕ್ಕಾಗಿ ಒದೆ ತಿಂದವರು. ಒಳಗೆ ಇರಲು ಅಷ್ಟು ಬೆಲೆ ತೆತ್ತ ಮನುಷ್ಯನಿಗೆ ಹೊಸ್ತಿಲ ಮೇಲೆ ಕೂರುವವನು ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ. ಇನ್ನು ಸದಸ್ಯರ ಕೂಟದ ಮುಂದೆ ಇಡದೆ ದಾರಿಯಿಲ್ಲ ಎಂದು ಎದ್ದರು.

ಆಗ ಸವೇತಾ ಬಾಯಿ ಬಿಟ್ಟಳು. "ಅವ್ರಾಮಣ್ಣ, ಹೊರಗೆ ಹಾಕಿದ್ರೆ ಇವನಿಗೆ ಯಾರೂ ಶಾಂತಿ ಹೇಳಬಾರ್ದು, ಅಲ್ವಾ?"

"ಹೌದಕ್ಕಾ."

"ಅಡುಗೆಮನೇಲೂ?"

"ಅಡುಗೆಮನೆಗೆ ಬೇರೆ ದೇವರಿದ್ದಾನಾ?"

"ಅದನ್ನು ಸ್ವಲ್ಪ ಪರಿಶೀಲಿಸಬೇಕು," ಎಂದರು ಪಾಸ್ಟರ್. ಅವ್ರಾಮ್ ಆಗಲೇ ಟೋಪಿ ಹಾಕಿಕೊಂಡಿದ್ದರು. ಉಳಿದ ಕೇಕನ್ನು ಅಲ್ಲೇ ಬಿಟ್ಟರು. ಅದೂ ನಮ್ಮ ಪದ್ಧತಿ.

ಅಂದು ಸಂಜೆ ಗೋಡೆಯಾಚೆ ಜಗಳವಾಯಿತು. ನನ್ನ ಹೆಂಡತಿ ಬಟಾಣಿ ಬಿಡಿಸುವ ನೆಪದಲ್ಲಿ ಗೋಡೆಗೆ ಒರಗಿ ಕೂತಳು. ನಾನು ನೆಪವಿಲ್ಲದೆಯೇ ಕೂತೆ.

"ನಿನಗೆ ಸುಮ್ನಿರೋದು ಬೇಕು, ಸರಿ," ಎನ್ನುತ್ತಿದ್ದಳು ಸವೇತಾ. "ನನಗೇನು ಬೇಕು ಅಂತ ಕೇಳಿದ್ಯಾ?"

"ಏನು ಬೇಕು?"

"ನಾನು ಹೆಂಗಸರ ಕಡೆ ಕೂತಿರ್ತೀನಿ. ಪ್ರಾರ್ಥನೆ ಶುರುವಾದ ತಕ್ಷಣ ಆ ಗದ್ದಲದಲ್ಲಿ ನಿನ್ನ ದನಿ ಎಲ್ಲಿದೆ ಅಂತ ಹುಡುಕ್ತೀನಿ. ಸಿಕ್ಕಿದ ಮೇಲೆ ನನ್ನದು ಶುರು ಮಾಡ್ತೀನಿ. ಮದುವೆ ಆದಾಗಿಂದ ಹಾಗೇ ಮಾಡ್ತಿರೋದು. ಈಗ ಹುಡುಕ್ತಾ ಹುಡುಕ್ತಾ ಆಮೆನ್ನೇ ಬಂದ್ಬಿಡತ್ತೆ."

ನನ್ನ ಹೆಂಡತಿ ಬಟಾಣಿ ಬಿಡಿಸುವುದನ್ನು ನಿಲ್ಲಿಸಿದಳು.

"ನನಗೆ ಗೊತ್ತಿರ್ಲಿಲ್ಲ," ಎಂದ ತೆಯೋಫಿಲ್.

"ಕೇಳಿದ್ರೆ ತಾನೆ."

"ನೀನು ಹೇಳಿದ್ರೆ ತಾನೆ." ಆಮೇಲೆ ಅವನೇ, "ಹೋಗ್ಲಿ, ಸಂಜೆ ಮನೇಲಿ ಗಟ್ಟಿಯಾಗಿ ಪ್ರಾರ್ಥನೆ ಮಾಡ್ಲಾ? ನಿನಗೋಸ್ಕರ?"

"ನನಗೋಸ್ಕರ ದೇವರ ಮುಂದೆ ನಾಟಕ ಆಡೋದು ಬೇಡ. ತಟ್ಟೆ ಇಲ್ಲಿ ಕೊಡು, ತೊಳೀತೀನಿ."

ಸದಸ್ಯರ ಕೂಟ ಬೇಸಿಗೆಯ ಮೊದಲ ಭಾನುವಾರ, ಆರಾಧನೆ ಮುಗಿದ ಮೇಲೆ. ದೀಕ್ಷಾಸ್ನಾನ ಆಗದವರನ್ನೂ ಮಕ್ಕಳನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದರು. ತೆಯೋಫಿಲನನ್ನು ಕರೆದಿದ್ದರು. ತನಗೆ ಹೇಳಿಕೊಳ್ಳಲು ಏನೂ ಇಲ್ಲ, ನೀವೇ ಮಾತಾಡಿಕೊಳ್ಳಿ ಎಂದು ಹೇಳಿ ಕಳಿಸಿದ್ದ. ಅವ್ರಾಮ್ ಅದಕ್ಕೆ, ಸರಿ, ಹಾಗಾದರೆ ಹೆಲಿಕಾನನ್ನಾದರೂ ತಂದು ಒಪ್ಪಿಸಲಿ, ಅದು ಸಭೆಯ ಸ್ವತ್ತು, ಹೊಳೆಯ ದೀಕ್ಷಾಸ್ನಾನಕ್ಕೆ ಬೇಕು ಎಂದು ತಿರುಗಿ ಹೇಳಿ ಕಳಿಸಿದ್ದರು. ಅದನ್ನು ನುಡಿಸುವವರು ಬೇರೆ ಯಾರೂ ಇಲ್ಲ ಎನ್ನುವುದನ್ನು ಯಾರೂ ಎತ್ತಲಿಲ್ಲ.

ಚರ್ಚೆ ಜಾಸ್ತಿ ನಡೆಯಲಿಲ್ಲ. ಕುಡುಕನಾಗಿದ್ದರೆ ಪರವಾಗಿ ಮಾತಾಡಲು ನಾಲ್ಕು ಜನ ಇರುತ್ತಿದ್ದರು, ಕುಡಿತ ಎಲ್ಲರಿಗೂ ಅರ್ಥವಾಗುತ್ತದೆ. ಇದು ಅರ್ಥವಾಗದ ವಿಷಯ. ಅರ್ಥವಾಗದಿದ್ದಾಗ ನಮ್ಮವರು ಹಿರಿಯರ ಮುಖ ನೋಡುತ್ತಾರೆ. ನತಾನಾಯೆಲ್ ಮೈಕಿನ ಮುಂದೆ ನಿಂತು, ಸಹೋದರ ತೆಯೋಫಿಲ್ ತಾನಾಗಿಯೇ ಸಹವಾಸದಿಂದ ದೂರ ಹೋಗಿರುವುದನ್ನು ಸಭೆ ದುಃಖದಿಂದ ಗುರುತಿಸುತ್ತದೆ, ಒಪ್ಪುವವರು ಕೈ ಎತ್ತಿ ಎಂದರು.

ಕೈಗಳು ಎದ್ದವು. ಒಂದೇ ಸಲಕ್ಕಲ್ಲ. ಮೊದಲು ಮುಂದಿನ ಬೆಂಚುಗಳು, ಆಮೇಲೆ ಹಿಂದಿನವು, ಪಕ್ಕದವರನ್ನು ನೋಡಿಕೊಂಡು. ನನ್ನ ಕೈ ಅರ್ಧ ಎದ್ದಿತ್ತು, ಅದನ್ನು ಕೂದಲು ಸರಿಮಾಡಿಕೊಳ್ಳಲು ಬಳಸಿದೆ. ಹೆಂಗಸರ ಕಡೆ ಸವೇತಾಳ ಎರಡೂ ಕೈ ಮಡಿಲಲ್ಲಿದ್ದವು. ವಿರೋಧಿಸುವವರು ಎಂದಾಗಲೂ ಅಲ್ಲೇ ಇದ್ದವು. ಅವಳು ಎದುರಿನ ಗೋಡೆ ನೋಡುತ್ತಿದ್ದಳು.

"ಹಾಗಾದರೆ ಸಭೆಯ ತೀರ್ಮಾನ," ಎಂದು ಪಾಸ್ಟರ್ ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು.

ತೆಯೋಫಿಲ್ ಹೆಲಿಕಾನನ್ನು ಮೈಗೆ ಸುತ್ತಿಕೊಂಡು ಬಂದಿದ್ದ. ಅದನ್ನು ಹೊರುವ ರೀತಿಯೇ ಅದು. ಕಹಳೆಯ ಬಾಯಿ ಬಾಗಿಲ ಚೌಕಟ್ಟಿಗೆ ತಾಗಿ ಢಣ್ ಎಂದಿತು. ಬಾಗಿಲಿನ ಒಂದು ಕದ ಸಾಲದೆ ಇನ್ನೊಂದನ್ನೂ ಕಾಲಿನಲ್ಲಿ ತಳ್ಳಿ, ಅಡ್ಡಡ್ಡವಾಗಿ ಒಳಗೆ ಬಂದ.

ಪಾಸ್ಟರ್ ತಲೆ ಎತ್ತಿ ನೋಡಿದರು. ತಡವಾಗಿ ಬಂದವರನ್ನು ಅವರು ಎಂದಿನಿಂದಲೂ ಹೇಗೆ ಕರೆಯುತ್ತಾರೋ ಹಾಗೇ, ಮೈಕಿನಲ್ಲಿ, ನಗುಮುಖದಿಂದ ಅಂದರು: "ಶಾಂತಿ, ತೆಯೋಫಿಲಣ್ಣ, ಬನ್ನಿ ಬನ್ನಿ, ಮುಂದೆ ಜಾಗ ಇದೆ."

ವೇದಿಕೆಯಿಂದ ಶಾಂತಿ ಎಂದರೆ ಸಭೆ ಶಾಂತಿ ಎನ್ನಬೇಕು. ಅದನ್ನು ನಮಗೆ ಯಾರೂ ಕಲಿಸಿದ್ದಲ್ಲ, ತೊಟ್ಟಿಲಲ್ಲೇ ಬಂದದ್ದು. ಇಡೀ ಸಭೆ, ಈಗಷ್ಟೇ ಕೈ ಇಳಿಸಿದ್ದ ಸಭೆ, ತಿರುಗಿ ಅವನ ಮುಖ ನೋಡಿ ಒಂದೇ ಕೊರಳಿನಲ್ಲಿ "ಶಾಂತಿ" ಎಂದಿತು. ಅವ್ರಾಮರ ದನಿಯೂ ಅದರಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಶಾಂತಿ," ಎಂದ ತೆಯೋಫಿಲ್. ತೀರ್ಮಾನದ ವಿಷಯ ಅವನಿಗೆ ಗೊತ್ತಿರಲಿಲ್ಲ. ಹಾಗಾಗಿ ಎಲ್ಲರ ಮುಖ ಯಾಕೆ ಹಾಗಾಯಿತು ಎಂದು ಅವನಿಗೆ ತಿಳಿಯಲಿಲ್ಲ.

ನತಾನಾಯೆಲ್ ಮೈಕಿನ ಗುಂಡಿ ಹುಡುಕಿ ಆರಿಸಿದರು, ಮಾತು ಇನ್ನೂ ಅದರೊಳಗಿದೆಯೇನೋ ಎಂಬಂತೆ. ಅವ್ರಾಮ್ ಕೋಲೂರಿ ಎದ್ದರು. ಯಾರಾದರೂ ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆದರೆ ಅವ್ರಾಮ್ ಜೀವಮಾನದಲ್ಲಿ ಒಂದು ಮಾತನ್ನೂ ಹಗುರವಾಗಿ ಆಡಿದವರಲ್ಲ, ತಪ್ಪಿ ಆಡಿದ್ದನ್ನೂ ಕೂಡ.

"ಅಣ್ಣಂದಿರೇ, ಅಕ್ಕಂದಿರೇ, ನಾವೀಗ ಒಂದು ತಪ್ಪು ಮಾಡಿದ್ವಿ. ಹೊರಗಿನವನಿಗೆ ಶಾಂತಿ ಕೊಟ್ವಿ. ಅಯೋಗ್ಯನಿಗೆ ಹೇಳಿದ ಶಾಂತಿ ಅವನ ಮೇಲೆ ನಿಲ್ಲಲ್ಲ, ಹೇಳಿದವನ ಹತ್ರಕ್ಕೇ ತಿರುಗಿ ಬರತ್ತೆ ಅಂತ ನಮಗೆ ಕಲಿಸಿದಾರೆ. ಹಾಗಿದ್ದ ಮೇಲೆ ಇದರಲ್ಲಿ ಹೆದರೋದೇನೂ ಇಲ್ಲ. ಎಲ್ಲರೂ ನೋಡ್ಕೊಳ್ಳಿ. ಯಾರಿಗೆ ತಿರುಗಿ ಬಂತೋ ಅವರು ಕೈ ಎತ್ತಿ."

ಎಲ್ಲರೂ ನೋಡಿಕೊಂಡರು. ಅದನ್ನು ನೋಡಿಕೊಳ್ಳುವುದು ಹೇಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕೆಲವರು ಕಣ್ಣು ಮುಚ್ಚಿದರು, ಕೆಲವರು ಎದೆಯ ಮೇಲೆ ಕೈ ಇಟ್ಟುಕೊಂಡರು. ನಮ್ಮ ಪ್ರಾರ್ಥನಾಲಯದಲ್ಲಿ ಅಂಥ ಮೌನವನ್ನು ನಾನು ಹಿಂದೆ ಕೇಳಿದವನಲ್ಲ. ಹೊರಗೆ ಯಾರದೋ ಮಗು ಚೆಂಡು ಪುಟಿಸುವುದು ಕೇಳುತ್ತಿತ್ತು. ಬಾಗಿಲ ಬಳಿ ತೆಯೋಫಿಲ್ ಕಣ್ಣರಳಿಸಿ ನಿಂತಿದ್ದ. ಅವನೊಬ್ಬನಿಗೆ ಮಾತ್ರ ಅಂದಿನ ಕಾರ್ಯಕ್ರಮ ಬಹಳ ಹಿಡಿಸಿದ ಹಾಗೆ ಕಂಡಿತು.

ಹೆಂಗಸರ ಕಡೆಯಿಂದ ಒಂದೇ ಒಂದು ಕೈ ಎದ್ದಿತು. ದೋರ್ಕಾ, ಅಂಚೆ ಕಚೇರಿಯವಳು, ನಿಷ್ಠೆಯ ಹೆಂಗಸು.

"ಬಂತಾ ಅಕ್ಕಾ?" ಎಂದರು ಅವ್ರಾಮ್.

"ಎದೆ ಹತ್ರ ಏನೋ ಬಂದ ಹಾಗಾಯ್ತು ಅವ್ರಾಮಣ್ಣ." ದೋರ್ಕಾ ಇನ್ನೊಮ್ಮೆ ಪರೀಕ್ಷಿಸಿಕೊಂಡಳು. ಅವಳೂ ಸುಳ್ಳಾಡುವವಳಲ್ಲ. "ಬೆಳಿಗ್ಗೆ ತಿಂದ ದಪ್ಪಮೆಣಸಿನಕಾಯಿಯೂ ಇರಬಹುದು." ಕೈ ಇಳಿಸಿದಳು.

ಬೇರೆ ಯಾರೂ ಎತ್ತಲಿಲ್ಲ. ಅವ್ರಾಮ್ ನಿಂತೇ ಇದ್ದರು. ತಮಗೂ ಬಂದಿಲ್ಲ ಎನ್ನುವುದು ಅವರ ಮುಖದಲ್ಲಿ ಕಾಣುತ್ತಿತ್ತು. ಅದನ್ನು ಮುಚ್ಚಿಡಲು ಅವರಿಗೆ ಬರುವುದಿಲ್ಲ.

ಪಾಸ್ಟರ್ ಹಣೆ ಒರೆಸಿಕೊಂಡರು. "ವಿಷಯ ಸೂಕ್ಷ್ಮವಾಗಿದೆ. ಕರ್ತನು ಸ್ಪಷ್ಟ ಮಾಡುವ ತನಕ ಮುಂದೂಡೋಣ. ಶರತ್ಕಾಲದ ಕೂಟಕ್ಕೆ..."

ಸವೇತಾ ಎದ್ದು ನಿಂತಳು. ಸದಸ್ಯರ ಕೂಟದಲ್ಲಿ ಹೆಂಗಸರು ಮಾತಾಡಬಾರದು ಎಂದಿಲ್ಲ, ಆದರೆ ಆಡುವುದಿಲ್ಲ.

"ಪಾಸ್ಟರಣ್ಣ, ಮುಂದೂಡೋದು ನಿಮಗೆ ಸುಲಭ. ನಾನು ನಾಳೆ ಬೆಳಿಗ್ಗೆ ಎದ್ದು ಕಾಫಿ ಮಾಡಬೇಕು. ಇವನು ಎದುರಿಗೆ ಬಂದು ಕೂರ್ತಾನೆ. ನಾನು ಏನನ್ಲಿ? ಅಷ್ಟು ಹೇಳಿ, ಉಳಿದಿದ್ದು ಶರತ್ಕಾಲಕ್ಕೆ ನೋಡ್ಕೊಳ್ಳಿ."

ಪಾಸ್ಟರ್ ಅವ್ರಾಮರನ್ನು ನೋಡಿದರು.

"ಕೈ ಎತ್ತಿದ್ದು ಎತ್ತಿದ್ದೇ ಅಕ್ಕಾ," ಎಂದರು ಅವ್ರಾಮ್. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. "ಬಾಯಿ ತಪ್ಪಿ ಬಂದಿದ್ದರಿಂದ ಅದು ಅಳಿಸಿಹೋಗಲ್ಲ. ಅವನು ಹೊರಗಿನವನು. ಹೊರಗಿನವನಿಗೆ ಗೊತ್ತಿದ್ದೂ ಶಾಂತಿ ಹೇಳೋರು ಬುಧವಾರದ ಪ್ರಾರ್ಥನೆ ನಡೆಸೋ ಹಾಗಿಲ್ಲ. ನಾನು ಮಾಡಿದ ನಿಯಮ ಅಲ್ಲ ಇದು."

ತೆಯೋಫಿಲನಿಗೆ ಆಗ ಎಲ್ಲ ತಿಳಿಯಿತು. ಬುಧವಾರ ಎಂದರೆ ಅವಳಿಗೇನು ಎನ್ನುವುದು ಅವನಿಗೆ ಗೊತ್ತು. ಸೋಮವಾರದಿಂದಲೇ ಅದಕ್ಕೆ ಹಿಟ್ಟು, ಗಸಗಸೆ ಎಂದು ತಯಾರಿ ನಡೆಸುವವಳು. ಹೆಲಿಕಾನಿನೊಳಗಿಂದ ಬಾಗಿಲ ಬಳಿಯಿಂದಲೇ ಅಂದ: "ಸವೇತಾ, ಬೇಡ ಬಿಡು. ನಮಸ್ಕಾರ ಅಂತಾನೇ ಅನ್ನು. ನಾನು ಹೇಗೋ..."

"ನೀನು ಸುಮ್ನಿರೋಕೆ ಅಂತಾನೇ ತಾನೆ ಇಲ್ಲಿಂದ ಹೋಗಿದ್ದು? ಸುಮ್ನಿರು."

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು, ನಗು ನುಂಗಿಕೊಳ್ಳುವ ಕೆಮ್ಮು.

ಸವೇತಾ ಮುಂದುವರಿಸಿದಳು, ಚಿಕಿತ್ಸಾಲಯದಲ್ಲಿ ಔಷಧಿ ಯಾವ ಹೊತ್ತಿಗೆ ಎಂದು ಹೇಳುವ ದನಿಯಲ್ಲಿ. "ಇವನು ಮಾಡಿದ್ದು ನನಗೆ ಸರಿ ಕಾಣ್ತಿಲ್ಲ. ಅದು ನನ್ನ ಅವನ ಜಗಳ, ಮನೇಲಿ ಆಡ್ಕೋತೀವಿ. ಆದ್ರೆ ನಮಸ್ಕಾರ ಅಂತ ನಾನು ದಿನವಿಡೀ ಅಂತೀನಿ. ಅಂದು, ತಿರುಗಿ ಕೂತ್ಕೊಳ್ಳಿ ಅಂತೀನಿ, ಸೂಜಿ ಚುಚ್ತೀನಿ. ಮನೇಲಿ ಇರೋನಿಗೆ ಅದನ್ನ ಹೇಳೋಕೆ ನನ್ನ ಕೈಲಾಗಲ್ಲ."

ಕೈಚೀಲ ತೆರೆದು, ಹೆಂಗಸರು ಸೇರುವ ಪಕ್ಕದ ಕೋಣೆಯ ಬೀಗದ ಕೈ ಹುಡುಕಿದಳು. ಸಿಗಲು ಸ್ವಲ್ಪ ಹೊತ್ತಾಯಿತು. ಕರವಸ್ತ್ರ, ಥರ್ಮಾಮೀಟರು, ಪುದೀನ ಮಿಠಾಯಿ ಎಲ್ಲ ಹೊರಗೆ ಬಂದವು. ಅಷ್ಟು ಹೊತ್ತು ಯಾರೂ ಏನೂ ಅನ್ನಲಿಲ್ಲ. ಅನ್ನಬಹುದಿತ್ತು. ಮುಂದೆ ನಡೆದು ಬೀಗದ ಕೈಯನ್ನು ಅವ್ರಾಮರ ಎದುರಿನ ಮೇಜಿನ ಮೇಲಿಟ್ಟಳು. ಅದರ ದಾರ ಬಿಚ್ಚಿ ಇಟ್ಟುಕೊಂಡಳು, ದಾರ ಅವಳದೇ.

"ದೋರ್ಕಕ್ಕ ನಡೆಸ್ಲಿ," ಎಂದಳು. ಹೋಗಿ ಮತ್ತೆ ತನ್ನ ಜಾಗದಲ್ಲಿ ಕುಳಿತಳು.

ತೆಯೋಫಿಲ್ ಹೆಲಿಕಾನನ್ನು ಬಿಚ್ಚಿ ನನ್ನ ಪಕ್ಕದ ಕುರ್ಚಿಯ ಮೇಲೆ ಇಳಿಸಿದ. ಒಂದು ಗಳಿಗೆ ಹೆಂಗಸರ ಕಡೆ ನೋಡಿದ. ಅವಳು ನೋಡಲಿಲ್ಲ. ಅವನು ಹೊರಟುಹೋದ. ಅವಳು ಮುಕ್ತಾಯದ ಹಾಡಿನ ತನಕ ಇದ್ದು, ಹಾಡಿ, ಎಲ್ಲರ ಜೊತೆ ಎದ್ದಳು.

ಮಾರನೆಯ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಂದಿಗಿಂತ ಬೇಗ ಎಚ್ಚರವಾಯಿತು. ಗೋಡೆಯಾಚೆ ಹಾಲಿನ ಪಾತ್ರೆ ಇಟ್ಟ ಸದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ಏನೂ ಇಲ್ಲ. ನನ್ನ ಹೆಂಡತಿ ಚಮಚ ಹಿಡಿದುಕೊಂಡು ನಿಂತಿದ್ದಳು.

"ಶಾಂತಿ," ಎಂದಿತು ಸವೇತಾಳ ದನಿ.

"ಶಾಂತಿ," ಎಂದ ಅವನು. ಸ್ವಲ್ಪ ಹೊತ್ತಾದ ಮೇಲೆ, "ಸಕ್ಕರೆ ಹಾಕಿಲ್ಲ."

"ಗೊತ್ತು."

ಬುಧವಾರ ಸಂಜೆ ಏನಾಗುತ್ತದೋ ಎಂದು ನಾವು ಅಂದುಕೊಳ್ಳುತ್ತಿದ್ದೆವು. ಮೊದಲ ಬುಧವಾರ ಸವೇತಾ ಇಡೀ ಮನೆಯ ಪರದೆಗಳನ್ನು ಇಸ್ತ್ರಿ ಮಾಡಿದಳು, ಒಗೆಯದೇ ಇದ್ದವನ್ನೂ ಸೇರಿಸಿ. ತೆಯೋಫಿಲ್ ಸಂಜೆಯ ಪಾಠ ಬಿಟ್ಟು ಮನೆಯಲ್ಲೇ ಇದ್ದ. ಇಸ್ತ್ರಿಯಾದ ಪರದೆಗಳನ್ನು ಕುರ್ಚಿ ಹತ್ತಿ ಒಂದೊಂದಾಗಿ ನೇತು ಹಾಕಿದ. ಇಬ್ಬರೂ ಮಾತಾಡಿದ್ದು ಕೇಳಿಸಲಿಲ್ಲ. ಅದು ಜಗಳದ ಮೌನವೋ, ಅವನ ಥರದ ಮೌನವೋ ಗೋಡೆಯಿಂದ ಹೇಳುವುದು ಕಷ್ಟ.

ಎರಡನೆಯ ಬುಧವಾರ ವಿಯೋರಿಕಾ ಬಂದಳು. ರಕ್ತದೊತ್ತಡ ನೋಡಿಸಿಕೊಳ್ಳಬೇಕಂತೆ, ಚಿಕಿತ್ಸಾಲಯದಲ್ಲಿ ಸಾಲು ಜಾಸ್ತಿಯಂತೆ. ಅವಳ ಹಿಂದೆಯೇ ಇನ್ನಿಬ್ಬರು, ಅವರಿಗೂ ಒತ್ತಡ. ದೋರ್ಕಾಳ ಪ್ರಾರ್ಥನೆ ನೀಳವಾಗುತ್ತದೆ, ಒಲೆಯಲ್ಲಿಟ್ಟ ಬನ್ನು ಸುಟ್ಟುಹೋಗುತ್ತದೆ ಎಂದು ಅವರು ದೂರಲಿಲ್ಲ; ಸುಮ್ಮನೆ ಹೇಳಿದರು. ತಿಂಗಳು ಕಳೆಯುವಷ್ಟರಲ್ಲಿ ಸಭೆಯ ಅರ್ಧ ಹೆಂಗಸರಿಗೆ ಬುಧವಾರ ಸಂಜೆಯೇ ಒತ್ತಡ ಏರತೊಡಗಿತು. ಅವ್ರಾಮರ ಕಿವಿಗೆ ಬೀಳದೆ ಇರಲಿಲ್ಲ. ರಕ್ತದೊತ್ತಡದ ಬಗ್ಗೆ ನಿಯಮ ಯಾವುದೂ ಇಲ್ಲ ಎಂದರಂತೆ. ಅವರ ಮಗಳೂ ಒಂದು ಸಂಜೆ ಬಂದು ಹೋದಳು.

ಬಾಗಿಲು ತೆರೆಯುವವನು ತೆಯೋಫಿಲ್. ಅಲ್ಲಿ ಪ್ರತಿಯೊಬ್ಬಳೂ ಒಂದು ಕ್ಷಣ ತಡೆಯುತ್ತಾಳೆ, ಏನನ್ನಬೇಕೆಂದು. ಶಾಂತಿ ಎನ್ನುವ ಹಾಗಿಲ್ಲ. ಅವನದೇ ಮನೆಗೆ ಬಂದು ಅವನಿಗೆ ನಮಸ್ಕಾರ ಎನ್ನಲು ನಾಲಿಗೆ ಏಳುವುದಿಲ್ಲ. "ಏನು ಸೆಕೆ ಅಲ್ವಾ" ಎಂದು ಒಬ್ಬಳು ನುಸುಳಿದರೆ, "ಟೊಮ್ಯಾಟೊ ಗಿಡ ಚೆನ್ನಾಗಿ ಬಂದಿದೆ" ಎಂದು ಇನ್ನೊಬ್ಬಳು. ಮಳೆ ಬಂದ ದಿನ ಮಳೆಯ ಮಾತು ಇರುತ್ತದೆ. ಅವನು ಎಲ್ಲರಿಗೂ ಹೌದು ಎನ್ನುತ್ತಾನೆ, ಕೊಡೆ ಇಸಿದುಕೊಳ್ಳುತ್ತಾನೆ.

ಒತ್ತಡ ನೋಡಿಯಾದ ಮೇಲೆ ಅವರು ಸುಮ್ಮನೆ ಎದ್ದು ಹೋಗುವವರಲ್ಲ. ಎಲ್ಲರೂ ಒಟ್ಟಿಗೆ, ಅವರವರ ಮಾತಿನಲ್ಲಿ, ಗಟ್ಟಿಯಾಗಿ. ಅಷ್ಟು ಚಿಕ್ಕ ಅಡುಗೆಮನೆಯಲ್ಲಿ ಅದು ಪ್ರಾರ್ಥನಾಲಯಕ್ಕಿಂತ ಜೋರು. ನಮ್ಮ ಕಪಾಟಿನ ಪಿಂಗಾಣಿ ನಡುಗುತ್ತದೆ. ಅಂಗಳದ ಕಾರಿಗೂ ಕೇಳುತ್ತದೆ, ಅವನು ಗಾಜು ಏರಿಸಿ ನೋಡಿದ್ದಾನೆ.

ಮೊನ್ನೆ ಅವರೆಲ್ಲ ಹೋದ ಮೇಲೆ ಅವನು ಅಡುಗೆಮನೆಗೆ ಬಂದ ಸದ್ದಾಯಿತು.

"ಮುಂದಿನ ವಾರಾನೂ ಬರ್ತಾರಾ?" ಎಂದ.

"ರಕ್ತದೊತ್ತಡ ಒಂದೇ ವಾರಕ್ಕೆ ಇಳಿಯತ್ತಾ?" ಎಂದಳು ಸವೇತಾ. "ಆ ಕಪ್ಪುಗಳನ್ನ ಇತ್ತ ಕೊಡು."

ಅವನು ಕಪ್ಪುಗಳನ್ನು ಒಂದರೊಳಗೊಂದು ಇಟ್ಟು ಕೊಟ್ಟ ಸದ್ದು ಕೇಳಿಸಿತು. ತುಂಬ ಇದ್ದವು, ಎರಡು ಸಲ ಕೊಡಬೇಕಾಯಿತು.